ಜೆರ್ಸಿ ತೊಡಿಸಿದಾಗ ಕೂಸಿಗೆ ಕೆಂಪು ಗುಳ್ಳೆ: ಪೋಷಕರ ಪ್ರಶ್ನೆಗೆ ಉತ್ತರ

ಆರ್‌ಸಿಬಿ ಪಂದ್ಯದ ದಿನ ಜೆರ್ಸಿ ತೊಡಿಸಿದಾಗಲೆಲ್ಲ ನಿಮ್ಮ ಏಳು ತಿಂಗಳ ಕೂಸಿನ ಕುತ್ತಿಗೆ, ಎದೆಯ ಮೇಲೆ ಕೆಂಪು ಗುಳ್ಳೆಗಳೇಳುವುದಕ್ಕೆ ಬಹುಶಃ ಬೆವರುಸಾಲೆಯೇ ಕಾರಣ. ವಿಜಯಪುರದ ಏಪ್ರಿಲ್ ಸೆಕೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ಬೆವರು ಹೀರುವುದಿಲ್ಲ, ಎದೆಯ ಮೇಲಿನ ರಬ್ಬರ್ ಅಚ್ಚಿನಡಿ ಗಾಳಿಯೂ ಆಡುವುದಿಲ್ಲ. ಹೊಸ ಬಟ್ಟೆಯ ಬಣ್ಣ ಒಗ್ಗದೆಯೂ ಹೀಗಾಗಬಹುದು. ಮೊದಲು ಜೆರ್ಸಿ ಬಿಚ್ಚಿ, ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮೈ ಒರೆಸಿ, ಗುಳ್ಳೆ ಮಾಯುವವರೆಗೆ ತೋಳಿಲ್ಲದ ಹತ್ತಿಯ ಜಬಲಾ ಮಾತ್ರ ಹಾಕಿರಿ. ಪೌಡರ್ ಬೇಡವೇ ಬೇಡ, ಅದರ ಧೂಳು ಕೂಸಿನ ಉಸಿರಿನೊಳಗೆ ಹೋಗುತ್ತದೆ. ಪಂದ್ಯದ ಸಂಭ್ರಮವನ್ನು ಬಿಡಬೇಕಿಲ್ಲ: ಕೆಂಪು ಹತ್ತಿ ಬಟ್ಟೆಯ ಸಡಿಲ ಅಂಗಿ ಹೊಲಿಸಿ, ವಿರಾಟ್ ಕೊಹ್ಲಿಯ ಜೆರ್ಸಿಯ 18 ಅಂಕಿಯನ್ನು ಬಟ್ಟೆಯಲ್ಲೇ ಕತ್ತರಿಸಿ ಹೊರಗಿನಿಂದ ಕೂಡಿಸಿ, ಒಗೆದು ಒಣಗಿಸಿದ ಮೇಲೆ ತೊಡಿಸಿರಿ. ಮನೆಯೊಳಗೆ ಕುಲಾವಿ ಬೇಡ. ಜ್ವರ ಬಂದರೆ ಅಥವಾ ಗುಳ್ಳೆಯಲ್ಲಿ ಕೀವು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿರಿ.