ಏಳನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೆ ಯಾವ ಫಂಕ್ಷನ್ ಯಾವಾಗ ಓಡಿತೆಂದು ಜಾಡು ಹಿಡಿಯುವ ಬಗ್ಗೆ ನೀವು ಬರೆದ ‘ಲಿನಕ್ಸ್ ಕರ್ನೆಲ್‌ನಲ್ಲಿ ಫಂಕ್ಷನ್ ಟ್ರೇಸಿಂಗ್’ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಲಾರೆ. ವಾಪಸ್ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಆರು ಪುಟ ಬರೀ ಕೈಪಿಡಿ. ಈ ಫೈಲಿಗೆ ‘ಫಂಕ್ಷನ್’ ಎಂದು ಬರೆಯಿರಿ, ಆ ಫೈಲ್ ತೆರೆದು ಓದಿ, ಫಿಲ್ಟರ್ ಹೀಗೆ ಹಾಕಿ. ಬೇಕಾದವರಿಗೆ ಇದೆಲ್ಲ ಕರ್ನೆಲ್ ಜೊತೆಗೇ ಬರುವ ಡಾಕ್ಯುಮೆಂಟೇಶನ್‌ನಲ್ಲಿ ಸಿಗುತ್ತದೆ. ಏಳನೇ ಪುಟದಲ್ಲಿ, ಹೇಳಿಕೊಳ್ಳಲು ನಾಚಿಕೆಯೆಂಬಂತೆ, ಒಂದು ಸಾಲು ಬರುತ್ತದೆ: ‘ನನ್ನದೇ ಪುಟ್ಟ ಕರ್ನೆಲ್‌ಗೆ ಟ್ರೇಸಿಂಗ್ ಸೇರಿಸಿದಾಗ ಅದು ಬೂಟ್ ಆಗದೆ ನಿಂತಿತು, ಆಮೇಲೆ ಸರಿಪಡಿಸಿದೆ.’ ಮಾರಾಯ್ರೇ, ಲೇಖನ ಇರುವುದೇ ಅಲ್ಲಿ!

ಯಾಕೆ ನಿಂತಿತು? ಜಿಸಿಸಿ ಕಂಪೈಲರ್‌ಗೆ ‘ಪಿಜಿ’ ಆಯ್ಕೆ ಕೊಟ್ಟರೆ ಅದು ಪ್ರತಿ ಫಂಕ್ಷನ್ನಿನ ಹೊಸ್ತಿಲಲ್ಲೇ, ಟ್ರೇಸರನ್ನು ಕರೆಯುವ ‘ಎಂಕೌಂಟ್’ ಎಂಬ ಫಂಕ್ಷನ್ನಿಗೆ ಒಂದು ಕಾಲ್ ಸೇರಿಸುತ್ತದೆ. ನೀವು ಬರೆದ ಟ್ರೇಸರ್ ಕೂಡ ಫಂಕ್ಷನ್ನೇ ತಾನೆ? ಅದನ್ನೂ ಅದೇ ಆಯ್ಕೆಯಲ್ಲಿ ಕಂಪೈಲ್ ಮಾಡಿದ್ದರೆ ಅದು ಎಂಕೌಂಟನ್ನು ಕರೆಯುತ್ತದೆ, ಎಂಕೌಂಟ್ ಮತ್ತೆ ಅದನ್ನೇ ಕರೆಯುತ್ತದೆ, ಕಾಲ್‌ಗಳ ಲೆಕ್ಕವಿಡುವ ಸ್ಟ್ಯಾಕ್ ತುಂಬಿ ತುಳುಕುವ ತನಕ. ಲಿನಕ್ಸ್‌ನಲ್ಲಿ ಇಂಥವಕ್ಕೆ ‘ನೋಟ್ರೇಸ್’ ಎಂಬ ಗುರುತು ಹಾಕುವುದು ಇದಕ್ಕೇ. ಅದಲ್ಲದಿದ್ದರೆ, ಸಿಪಿಯುವಿನ ರಿಜಿಸ್ಟರ್‌ಗಳಲ್ಲಿ ಇದ್ದದ್ದನ್ನು ಎತ್ತಿಡಲು ಮರೆತು ಮೂಲ ಫಂಕ್ಷನ್‌ಗೆ ಹೋಗಬೇಕಿದ್ದ ಆರ್ಗ್ಯುಮೆಂಟ್‌ಗಳನ್ನು ಕೆಡಿಸಿರಬಹುದು. ಎರಡರಲ್ಲಿ ಯಾವುದು? ಹೇಗೆ ಗೊತ್ತಾಯಿತು? ಎಷ್ಟು ರಾತ್ರಿ ಹಿಡಿಯಿತು? ಇದನ್ನು ಬರೆಯಬಲ್ಲವರು ನೀವೊಬ್ಬರೇ.

ಮೂರನೇ ಪುಟದಲ್ಲಿ ತಪ್ಪೊಂದಿದೆ. ಟ್ರೇಸಿಂಗ್ ಆಫ್ ಇದ್ದಾಗ ‘ಕಾಲ್ ಹೋಗಿ ಸುಮ್ಮನೆ ವಾಪಸ್ ಬರುತ್ತದೆ, ಖರ್ಚೇನಿಲ್ಲ’ ಎಂದಿದ್ದೀರಿ. ಖರ್ಚಿದೆ. ಸಾವಿರಾರು ಫಂಕ್ಷನ್‌ಗಳು, ಓಡಿದಾಗಲೆಲ್ಲ ಹೋಗಿ ಬರುವ ದಂಡ. ಲಿನಕ್ಸ್‌ನ ಟ್ರೇಸರ್ ಆದ ಎಫ್‌ಟ್ರೇಸ್‌ನಲ್ಲಿ ‘ಡೈನಾಮಿಕ್ ಎಫ್‌ಟ್ರೇಸ್’ ಹುಟ್ಟಿದ್ದೇ ಅದನ್ನು ತಪ್ಪಿಸಲು. ಅದು ಬೂಟ್ ಆಗುವಾಗಲೇ ಆ ಕಾಲ್‌ಗಳನ್ನು ಅಳಿಸಿ, ಏನೂ ಮಾಡದ ‘ನಾಪ್’ ತುಂಬುತ್ತದೆ. ಎಕ್ಸ್86 ಪ್ರೊಸೆಸರ್‌ಗಳಲ್ಲಿ 5 ಬೈಟ್. ಟ್ರೇಸಿಂಗ್ ಆನ್ ಮಾಡಿದಾಗ ಅದೇ ಜಾಗಕ್ಕೆ ಮತ್ತೆ ಕಾಲ್ ಬರೆಯುತ್ತದೆ. ಆದರೆ ಇನ್ನೊಂದು ಸಿಪಿಯು ಆಗಲೇ ಆ 5 ಬೈಟ್‌ಗಳನ್ನು ಓದುತ್ತಿದ್ದರೆ? ಮೊದಮೊದಲು ಎಲ್ಲ ಸಿಪಿಯುಗಳನ್ನೂ ನಿಲ್ಲಿಸಿ ಬದಲಿಸುತ್ತಿದ್ದರು. ಆಮೇಲೆ ಬಂದ ಉಪಾಯ ನೋಡಿ: ಮೊದಲ ಬೈಟಿನಲ್ಲಿ, ಅಲ್ಲಿಗೆ ಬಂದ ಸಿಪಿಯುವನ್ನು ತಡೆಯುವ ಬ್ರೇಕ್‌ಪಾಯಿಂಟ್ ಇಟ್ಟು, ಉಳಿದ 4 ಬೈಟ್ ಬದಲಿಸಿ, ಕೊನೆಗೆ ಆ ಮೊದಲ ಬೈಟನ್ನು ತಿದ್ದುವುದು. ಓಡುವ ಬಸ್ಸಿನ ಚಕ್ರ ಬದಲಿಸಿದಂತೆ! ಇದಕ್ಕೆ ನೀವು ಕೊಟ್ಟ ಜಾಗ ಸೊನ್ನೆ.

ಎಫ್‌ಟ್ರೇಸ್ ಬಗ್ಗೆ ನೀವು ಬರೆದ ‘ಆರಂಭದಲ್ಲಿ ಕೆಲವು ತೊಂದರೆಗಳಿದ್ದವು’ ಎಂಬ ಸಾಲಿಗಂತೂ ಸಿಟ್ಟೇ ಬಂತು. ಯಾವ ತೊಂದರೆ? 2008ರಲ್ಲಿ, ಲಿನಕ್ಸ್ ಕರ್ನೆಲ್‌ನ 2.6.27 ಆವೃತ್ತಿ ಇನ್ನೂ ಪರೀಕ್ಷೆಯಲ್ಲಿದ್ದಾಗ, ಇ1000ಇ ಡ್ರೈವರ್ ಬಳಸುವ ಇಂಟೆಲ್ ನೆಟ್‌ವರ್ಕ್ ಕಾರ್ಡ್‌ಗಳು ಒಂದೊಂದಾಗಿ ಕೆಡತೊಡಗಿದವು. ಕಾರ್ಡಿನ ಒಳಗಿನ ಶಾಶ್ವತ ಮೆಮೊರಿಯೇ ಹಾಳು. ಅನುಮಾನ ಬಿದ್ದದ್ದು ಪಾಪ, ಡ್ರೈವರ್ ಮೇಲೆ. ಮಾಡಿದ್ದು ಎಫ್‌ಟ್ರೇಸ್! ತಾನು ತಿದ್ದಬೇಕಾದ ವಿಳಾಸಗಳನ್ನು ಅದು ಬರೆದಿಟ್ಟುಕೊಂಡಿತ್ತು. ಮಾಡ್ಯೂಲ್‌ಗಳ, ಅಂದರೆ ಬೇಕಾದಾಗ ಕರ್ನೆಲ್‌ಗೆ ಸೇರಿಸುವ ತುಣುಕುಗಳ, ಆರಂಭದ ಕೋಡ್ ಕೆಲಸ ಮುಗಿಸಿ ಆ ಜಾಗ ಖಾಲಿ ಮಾಡಿತು. ಅಲ್ಲಿಗೆ ಕಾರ್ಡಿನ ಮೆಮೊರಿ ಬಂದು ಕೂತಿತು. ಹಳೇ ವಿಳಾಸ ಹಿಡಿದು ಹೋದ ಎಫ್‌ಟ್ರೇಸ್, ಮೊದಲಿದ್ದದ್ದೇ ಇದ್ದರೆ ಮಾತ್ರ ಬದಲಿಸು ಎನ್ನುವ ಇನ್‌ಸ್ಟ್ರಕ್ಷನ್ ಓಡಿಸಿತು. ತಮಾಷೆಯೆಂದರೆ, ಹೋಲಿಕೆ ತಪ್ಪಿದರೂ ಆ ಇನ್‌ಸ್ಟ್ರಕ್ಷನ್ ಓದಿದ್ದನ್ನೇ ಮತ್ತೆ ಬರೆಯುತ್ತದೆ. ಸಾಮಾನ್ಯ ಮೆಮೊರಿಗೆ ಅದು ಲೆಕ್ಕಕ್ಕಿಲ್ಲ, ಕಾರ್ಡಿಗೆ ಮಾರಕ. 2.6.27.1ರಲ್ಲಿ ಡೈನಾಮಿಕ್ ಎಫ್‌ಟ್ರೇಸನ್ನೇ ಆಫ್ ಮಾಡಿಟ್ಟರು. ಎಫ್‌ಟ್ರೇಸ್‌ನ ಮೂಲಕರ್ತೃ ಸ್ಟೀವನ್ ರೋಸ್ಟೆಡ್ ಈ ತಪ್ಪಿನ ಬೇರನ್ನು ತಾವೇ ಬಹಿರಂಗವಾಗಿ ವಿವರಿಸಿ ಬರೆದರು. ನೀವು ನಿಮ್ಮದನ್ನು ಮುಚ್ಚಿಡುವುದೇಕೆ?

ಭಾಷೆ ಬಗ್ಗೆ ಒಂದೇ ಮಾತು. ‘ಕಾರ್ಯಾನುಸರಣಾ ವ್ಯವಸ್ಥೆ’ ಎಂದರೆ ನನಗೆ ಸರ್ಕಾರಿ ಸುತ್ತೋಲೆ ನೆನಪಾಗುತ್ತದೆ. ಆಫೀಸಿನಲ್ಲಿ ಪಕ್ಕದವರಿಗೆ ಹೇಗೆ ಹೇಳುತ್ತೀರೋ ಹಾಗೇ ಬರೆಯಿರಿ: ಟ್ರೇಸ್, ಸ್ಟ್ಯಾಕ್, ಪ್ಯಾಚ್.

ಆರು ಪುಟದ ಕೈಪಿಡಿಯಲ್ಲಿ ಅರ್ಧ ಪುಟ ಉಳಿದರೆ ಸಾಕು. ಮುಂದಿನ ತಿಂಗಳ 10ರೊಳಗೆ ಕಳಿಸಿ, ಜಾಗ ಕಾದಿಟ್ಟಿರುತ್ತೇನೆ. ನಿಮ್ಮ ಟ್ರೇಸರ್ ಮೊದಲ ಸಲ ಸರಿಯಾಗಿ ಓಡಿದಾಗ ಪರದೆ ಮೇಲೆ ಮೂಡಿದ ಸಾಲುಗಳು ಎಲ್ಲಾದರೂ ಉಳಿದಿದ್ದರೆ, ತಿದ್ದದೆ ಅವನ್ನೂ ಸೇರಿಸಿ.

ಸಂಪಾದಕ