ನಿಜ ಘಟನೆಯ ಕ್ರೈಮ್ ಸಿನಿಮಾಗಳು ಮನಸ್ಸು ಹಿಂಡುತ್ತವೆ, ಆದರೂ ನೋಡಬೇಕೆ?

ಇಂಥ ಸಿನಿಮಾ ನೋಡಿದ ಮೇಲೆ ನಾಲ್ಕೈದು ದಿನ ನಿದ್ದೆ ಬರುವುದಿಲ್ಲ, ನೋಡದೆ ಬಿಟ್ಟರೆ ಬೇರೆಯವರ ನೋವಿಗೆ ಬೆನ್ನು ತಿರುಗಿಸಿದ ಹಾಗನ್ನಿಸುತ್ತದೆ ಎಂದು ಕೇಳಿದ್ದೀರಿ. ನೋಡಲೇಬೇಕೆಂಬ ಋಣ ಯಾರ ಮೇಲೂ ಇಲ್ಲ. ನೀವು ಪರದೆಯ ಮುಂದೆ ನರಳಿದರೆ ಸತ್ತವರ ಮನೆಯವರ ದುಃಖವೇನೂ ಇಳಿಯುವುದಿಲ್ಲ. ಇಂಥ ಸಿನಿಮಾಗಳನ್ನು ನಾನು ಹುಡುಕಿಕೊಂಡು ಹೋಗಿ ನೋಡುತ್ತೇನೆ, ಆದರೆ ಸಿಕ್ಕಿದ್ದೆಲ್ಲವನ್ನೂ ಅಲ್ಲ. ಈ ಕಥೆ ಕೊಂದವನ ಬೆನ್ನು ಹತ್ತಿದೆಯೋ, ನೊಂದವರ ಜೊತೆ ನಿಂತಿದೆಯೋ ಎಂದು ಮೊದಲು ವಿಚಾರಿಸುತ್ತೇನೆ. ಕೊಲೆಗಾರನನ್ನೇ ಜಾಣನಂತೆ, ಚೆಲುವನಂತೆ ಮೆರೆಸಿ, ಸತ್ತವರಿಗೆ ಒಂದು ಹೆಸರನ್ನೂ ಸರಿಯಾಗಿ ಕೊಡದ ಸಿನಿಮಾ ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಥದನ್ನು ಅರ್ಧಕ್ಕೇ ನಿಲ್ಲಿಸುತ್ತೇನೆ.

ರಕ್ತ ಎಷ್ಟು ಹರಿಯಿತು ಎನ್ನುವುದರ ಮೇಲೆ ಇದು ನಿಂತಿಲ್ಲ. ಬಾಸ್ಟನ್ನಿನ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನು ಚರ್ಚು ಮುಚ್ಚಿಟ್ಟದ್ದನ್ನು ಪತ್ರಕರ್ತರು ಬಯಲಿಗೆಳೆದ ಕಥೆ 2015ರ 'ಸ್ಪಾಟ್‌ಲೈಟ್'. ಅದರಲ್ಲಿ ಆ ದೌರ್ಜನ್ಯದ ಒಂದು ದೃಶ್ಯವೂ ಇಲ್ಲ. ಬೆಳೆದು ದೊಡ್ಡವರಾದವರು ಕೂತು ತಡವರಿಸುತ್ತಾ ಹೇಳುತ್ತಾರೆ, ಅಷ್ಟೇ. ತಮಿಳು ನಿರ್ದೇಶಕ ವೆಟ್ರಿಮಾರನ್ ಅವರ 'ವಿಸಾರಣೈ'ಯಲ್ಲಾದರೋ ಲಾಠಿಯ ಏಟು ಒಂದೊಂದೂ ಕಾಣುತ್ತದೆ, ಕೇಳುತ್ತದೆ. ಆದರೂ ಅದನ್ನು ನಾನು ಕೊನೆತನಕ ನೋಡಿದೆ. ಅದಕ್ಕೆ ಆಧಾರವಾದ ಪುಸ್ತಕವನ್ನು ಬರೆದವರು, ಮಾಡದ ತಪ್ಪಿಗೆ ಪೊಲೀಸರ ವಶದಲ್ಲಿ ಆ ಏಟು ತಿಂದ ಒಬ್ಬ ಆಟೋ ಚಾಲಕ. ಅನುಭವಿಸಿದವರೇ ಹೇಳುತ್ತಿದ್ದಾರೆಂದು ಗೊತ್ತಿದ್ದಾಗ ನೋಡುವ ಕಷ್ಟಕ್ಕೆ ಅರ್ಥ ಬರುತ್ತದೆ.

ನನ್ನನ್ನು ಬಹಳ ಕಾಡಿದ್ದು ಬಾಂಗ್ ಜೂನ್-ಹೊ ಅವರ 'ಮೆಮೊರೀಸ್ ಆಫ್ ಮರ್ಡರ್' (2003). ದಕ್ಷಿಣ ಕೊರಿಯಾದ ಹ್ವಾಸೊಂಗ್‌ನಲ್ಲಿ 1986ರಿಂದ 1991ರವರೆಗೆ ನಡೆದ ಮಹಿಳೆಯರ ಸರಣಿ ಕೊಲೆಗಳ ಕಥೆ. ಸಿನಿಮಾ ಬಂದಾಗ ಕೊಲೆಗಾರ ಯಾರೆಂದು ಪತ್ತೆಯಾಗಿರಲಿಲ್ಲ. ಕೊನೆಯ ದೃಶ್ಯದಲ್ಲಿ ಪತ್ತೇದಾರ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾನೆ, ಕೊಲೆಗಾರ ಪ್ರೇಕ್ಷಕರ ನಡುವೆಯೇ ಕೂತಿರಬಹುದು ಎಂಬಂತೆ. 2019ರಲ್ಲಿ ಡಿಎನ್‌ಎ ಮೂಲಕ ಆಸಾಮಿ ಸಿಕ್ಕಿದ. ಬೇರೊಂದು ಕೊಲೆಗಾಗಿ ಅವನಾಗಲೇ ಜೀವಾವಧಿ ಶಿಕ್ಷೆಯಲ್ಲಿದ್ದ. ಹಳೆಯ ಕೊಲೆಗಳಿಗೆ ಕಾನೂನಿನ ಕಾಲಮಿತಿ ಮುಗಿದುಹೋಗಿದ್ದರಿಂದ ಅವುಗಳಿಗಾಗಿ ವಿಚಾರಣೆ ನಡೆಸುವಂತಿರಲಿಲ್ಲ. ಅವುಗಳಲ್ಲೊಂದು ಕೊಲೆಗೆ ಬೇರೊಬ್ಬ ನಿರಪರಾಧಿ ಸುಮಾರು 20 ವರ್ಷ ಜೈಲಿನಲ್ಲಿದ್ದು ಬಂದಿದ್ದರು. ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿದ್ದು 2020ರಲ್ಲಿ. ಇದೆಲ್ಲ ತಿಳಿದ ಮೇಲೆ ಅದೇ ಸಿನಿಮಾ ನನಗೆ ಬೇರೆಯಾಗಿ ಕಂಡಿತು. ಮೊದಲು 'ಯಾರವನು' ಎಂಬ ಪ್ರಶ್ನೆಯೇ ತಲೆಯಲ್ಲಿ ಕೊರೆಯುತ್ತಿತ್ತು. ಆಮೇಲೆ ಕಣ್ಣು ಹೋದದ್ದೆಲ್ಲ ಪೊಲೀಸರು ಅಮಾಯಕರನ್ನು ಬಡಿದು ತಪ್ಪೊಪ್ಪಿಗೆ ಹೇಳಿಸುವ ದೃಶ್ಯಗಳ ಕಡೆಗೆ. ಕೊಲೆಗಾರ ಒಬ್ಬನೇ ಅಲ್ಲ, ಅವಸರದ ತನಿಖೆಯೂ ಒಂದು ಬದುಕನ್ನು ತಿಂದಿತ್ತು.

ಅದಕ್ಕೇ ಹೇಳುವುದು, ಸಿನಿಮಾ ಮುಗಿದ ಮೇಲೆ ಆ ಪ್ರಕರಣ ಮುಂದೇನಾಯಿತೆಂದು ಓದಿ. ಸಿನಿಮಾ ನಿಂತಲ್ಲಿಗೇ ನಿಮ್ಮ ಮನಸ್ಸೂ ನಿಂತುಬಿಟ್ಟರೆ ಸಂಕಟ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಏನು ನಿಜ, ಏನು ಕಲ್ಪನೆ ಎಂಬುದೂ ಆಗಲೇ ತಿಳಿಯುವುದು. 'ಆಧಾರಿತ' ಎಂದ ಮಾತ್ರಕ್ಕೆ ನೀವು ಕಂಡ ಪ್ರತಿಯೊಂದು ಕ್ರೌರ್ಯವೂ ಹಾಗೇ ನಡೆದಿರಬೇಕೆಂದಿಲ್ಲ. ಆದರೆ ಮಲಗುವ ಹೊತ್ತಿಗೆ ಓದಬೇಡಿ, ಮರುದಿನ ಬೆಳಕಿನಲ್ಲಿ ಓದಿ. ಸಿನಿಮಾವನ್ನೂ ಹಗಲಲ್ಲೇ, ಸಾಧ್ಯವಾದರೆ ಮಾತಾಡಲು ಯಾರಾದರೂ ಜೊತೆಗಿದ್ದಾಗ ನೋಡುವುದು ಮೇಲು.

ತೆರೆಯ ಮೇಲಿನಂಥದ್ದೇ ನಿಮಗೋ ನಿಮ್ಮವರಿಗೋ ಆಗಿದ್ದರೆ ಮಾತು ಬೇರೆ. ಅಂಥ ಸಿನಿಮಾವನ್ನು ಪೂರ್ತಿ ಬಿಟ್ಟುಬಿಡಿ, ಯಾರು ಎಷ್ಟೇ ಹೊಗಳಲಿ. ನಿದ್ದೆಗೇಡು ವಾರಗಟ್ಟಲೆ ಎಳೆದರೆ ಆಪ್ತಸಮಾಲೋಚಕರ ಹತ್ತಿರ ಮಾತಾಡಿ. ಹಾಗೇನೂ ಇಲ್ಲದಿದ್ದರೆ 'ಸ್ಪಾಟ್‌ಲೈಟ್'ನಿಂದ ಶುರುಮಾಡಿ. ಅದನ್ನು ತಡೆದುಕೊಳ್ಳಲಾದರೆ ಬಾಂಗ್ ಅವರ ಸಿನಿಮಾ ನೋಡಿ, ಬೇಕಾದರೆ ಎರಡು ದಿನಕ್ಕೆ ಹಂಚಿಕೊಂಡು. 'ವಿಸಾರಣೈ' ಇನ್ನೂ ಆಮೇಲೆ.