ಕಟ್ಟೆ ಕಟ್ಟಿದರೆ ಸಾಲದು, ಕಾಯಬೇಕು

ವಾಸ್ಕೋದ ಓದುಗರೊಬ್ಬರು ಕೇಳಿದ್ದಾರೆ: ‘2005ರ ಕತ್ರೀನಾ ಚಂಡಮಾರುತದ ನಂತರ ಅಮೆರಿಕದವರು ನ್ಯೂ ಆರ್ಲಿಯನ್ಸ್ ಸುತ್ತ ಎತ್ತರದ ಏರಿ, ದೊಡ್ಡ ಬಾಗಿಲು ಕಟ್ಟಿದರು. ತೌಕ್ತೆ ಚಂಡಮಾರುತ ಕಂಡ ಮೇಲೂ ನಮ್ಮ ಗೋವಾಕ್ಕೆ ಅಂಥ ಗೋಡೆ ಏಕಿಲ್ಲ?’

ನಿಮ್ಮ ಕಾಳಜಿ ದೊಡ್ಡದು. ಗೋಡೆ ದಂಡ ಅಂತ ನಾನೂ ಹೇಳುವುದಿಲ್ಲ. 2021ರಲ್ಲಿ ಐಡಾ ಚಂಡಮಾರುತ ಬಂದಾಗ ಆ ಹೊಸ ಏರಿಗಳು ಊರನ್ನು ಉಳಿಸಿದವು. ಆದರೆ ಕತ್ರೀನಾ ಬಂದಾಗಲೂ ಅಲ್ಲಿ ಏರಿಗಳಿದ್ದವು, ಅಲ್ವಾ? ಕೆಲವು ಕಾಲುವೆಗಳ ಗೋಡೆಗಳು ನೀರು ತುದಿ ಮುಟ್ಟುವ ಮೊದಲೇ ಬುಡ ಸಡಿಲಾಗಿ ಒಡೆದವು. ಊರಿನ ನೂರಕ್ಕೆ 80 ಭಾಗ ಮುಳುಗಿತು. ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡುತ್ತದೆ. ಮಿಸಿಸಿಪ್ಪಿ ನದಿಯ ದಡಕ್ಕೆ ಏರಿ ಹಾಕಿದ್ದರಿಂದ ಜೌಗು ನೆಲಕ್ಕೆ ಹೂಳು ಬರುವುದು ನಿಂತಿತು. ಅಲೆಯ ಸೊಕ್ಕು ಮುರಿಯುತ್ತಿದ್ದ ಆ ಜೌಗೇ ಕರಗುತ್ತಾ ಹೋಯಿತು.

ಈಗ ನಮ್ಮ ಜುವಾರಿ, ಮಾಂಡೋವಿ ನದಿಗಳ ದಡ ನೋಡಿ. ಉಪ್ಪುನೀರಿಗೆ ಒಡ್ಡು ಹಾಕಿ ಮಾಡಿದ ಅಲ್ಲಿನ ತಗ್ಗು ಗದ್ದೆಗಳಿಗೆ ಖಾಜನ್ ಎನ್ನುತ್ತಾರೆ. ಅವು ಶತಮಾನಗಳಷ್ಟು ಹಳೆಯವು. ಮಣ್ಣಿನ ಒಡ್ಡು, ಅದರಲ್ಲಿ ‘ಮಾನಸ್’ ಎಂಬ ಮರದ ಬಾಗಿಲು. ಸಮುದ್ರದ ಭರತ ಏರಿದಾಗ ಹೊರಗಿನ ನೀರೇ ತಳ್ಳಿ ಅದನ್ನು ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರು ತೆರೆಯುತ್ತದೆ. ಕರೆಂಟು ಬೇಡ, ಮೋಟಾರು ಬೇಡ. ಕುಮಟೆ ಕಡೆಯ ನಮಗೆ ಇದು ಹೊಸದಲ್ಲ. ಅಘನಾಶಿನಿ ನದಿಯ ಗಜನಿಗಳಿಗೂ, ಅಂದರೆ ಉಪ್ಪುನೀರಿನ ಅಂಚಿನ ಗದ್ದೆಗಳಿಗೂ, ಇಂಥದೇ ಕಟ್ಟೆ. ಉಪ್ಪು ತಾಳುವ ಕಗ್ಗ ಭತ್ತ ಅಲ್ಲಿಯದೇ. ನನ್ನ ಅಜ್ಜ ಅಮಾವಾಸ್ಯೆ, ಹುಣ್ಣಿಮೆಗೆ ಲಾಟೀನು ಹಿಡಿದು ಕಟ್ಟೆ ಸುತ್ತುತ್ತಿದ್ದರು. ಏಡಿಯ ಬಿಲ ಕಂಡಲ್ಲಿ ಕೂತು ಜೇಡಿಮಣ್ಣು ಮೆತ್ತುತ್ತಿದ್ದರು. ಬೆರಳು ತೂರುವಷ್ಟು ತೂತು ಸಾಕು, ಬೆಳಗಾಗುವುದರೊಳಗೆ ಗದ್ದೆಯ ತುಂಬ ಉಪ್ಪುನೀರು.

ದೊಡ್ಡ ಚಂಡಮಾರುತಕ್ಕೆ ಈ ಒಡ್ಡು ಸಾಲದು, ಒಪ್ಪಿದೆ. ಆದರೆ ದಿನಾ ಬರುವ ಸಮುದ್ರವನ್ನು ತಡೆದದ್ದು ಇದೇ. ಈಗ ಸುತ್ತುವವರು ಎಲ್ಲಿದ್ದಾರೆ? ಸೀಗಡಿಯ ಆಸೆಗೆ ಬಾಗಿಲನ್ನು ತೆರೆದೇ ಇಡುವವರಿದ್ದಾರೆ. ಗದ್ದೆ ಪಾಳು ಬೀಳುತ್ತದೆ. ಪಾಳು ಗದ್ದೆಗೆ ಮಣ್ಣು ತುಂಬಿ ಮನೆ ಏಳುತ್ತದೆ. ಆಮೇಲೆ ಆ ಮನೆ ಕಾಯಲು ಗೋಡೆ ಕೇಳುತ್ತೇವೆ. ಬೇಜಾರಾಗಬೇಡಿ, ಇದು ನಿಮ್ಮೊಬ್ಬರ ತಪ್ಪಲ್ಲ. ಕಟ್ಟುವವರಿಗೆ ಹಣ ಸಿಗುತ್ತದೆ, ಹಾರ ಬೀಳುತ್ತದೆ. ನೋಡಿಕೊಳ್ಳುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ನಮ್ಮವರೇ ವಂತಿಗೆ ಎತ್ತಿ ಕಟ್ಟಿದ ಕನ್ನಡ ವಾಚನಾಲಯವೊಂದು ಇಲ್ಲಿದೆ. ಕಪಾಟಿನ ಬೀಗ ತುಕ್ಕು ಹಿಡಿದಿದೆ, ಪುಸ್ತಕಗಳಿಗೆ ಗೆದ್ದಲು. ನೋಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ಭಾನುವಾರ ಓಲ್ಡ್ ಗೋವಾದಲ್ಲಿ ಫೆರ್ರಿ ಹತ್ತಿ ದಿವಾಡಿ ದ್ವೀಪಕ್ಕೆ ಹೋಗಿ. ಭರತ ಏರುವ ಹೊತ್ತಿಗೆ ಮಾನಸ್ ಹತ್ತಿರ ನಿಲ್ಲಿ. ಅದನ್ನು ಈಗ ಯಾರು ನೋಡಿಕೊಳ್ಳುತ್ತಾರೆ ಅಂತ ಊರವರನ್ನು ಕೇಳಿ ನನಗೆ ಬರೆಯಿರಿ. ಹೆಸರು ಸಮೇತ ಅಚ್ಚು ಹಾಕುತ್ತೇನೆ.

– ಸಂಪಾದಕ